ಬೊಟ್ಟಿನ ಕೆಳಗಿನ ದೀಪ

ಮೊನ್ನೆ ಅಡುಗೆಮನೆಯಲ್ಲಿ ಲಟ್ಟಣಿಗೆ ಹುಡುಕುತ್ತಿದ್ದಾಗ ಸೌಟಿನ ಡಬ್ಬಿಯಿಂದ ಒಂದು ನೀಲಿ ಕೇಬಲ್ಲು ಕೈಗೆ ಬಂತು. ಅದರ ಒಂದು ತುದಿ ಕಂಪ್ಯೂಟರಿಗೆ ಚುಚ್ಚುವಂಥದ್ದು. ಇನ್ನೊಂದು ತುದಿ ಅಗಲ. ಒಳಗೆ ಎರಡು ಸಾಲು ಪಿನ್ನುಗಳು, ಪಿನ್ನುಗಳ ಬುಡದಲ್ಲಿ ಕೆಂಪು ಕಲೆ. ಗಾಬರಿಯಾಗಬೇಡಿ, ಅದು ಕುಂಕುಮ. ಯಾವುದಾದರೂ ವಸ್ತು ಎಲ್ಲಿಗೆ ಸೇರಿದ್ದೆಂದು ತಿಳಿಯದಿದ್ದರೆ ಅವ್ವ ಅದನ್ನು ಸೌಟಿನ ಡಬ್ಬಿಗೆ ಹಾಕುತ್ತಾಳೆ. ನನ್ನ ಜಾಮಿಟ್ರಿ ಬಾಕ್ಸಿನ ಕೈವಾರ, ಅಪ್ಪನ ಶಿಳ್ಳೆ, ಈಗ ನಮ್ಮ ಮನೆಯಲ್ಲೇ ಇಲ್ಲದ ಯಾವುದೋ ಬೀಗದ ಕೀಲಿ, ಎಲ್ಲವೂ ಜಾಲರಿ ಸೌಟಿನ ಜೊತೆ ಅಲ್ಲಿ ಸಂಸಾರ ಮಾಡಿಕೊಂಡಿವೆ.

ಕೇಬಲ್ಲನ್ನು ಒರೆಸಿ ವಾಪಸ್ಸು ಡಬ್ಬಿಗೇ ಹಾಕಿದೆ. ಆದರೆ ಅದರ ಕಥೆಯನ್ನು ಹಾಗೆ ಸುಲಭವಾಗಿ ವಾಪಸ್ಸು ಹಾಕಲಾಗಲಿಲ್ಲ. ಸಾಮಾನ್ಯವಾಗಿ ಮನೆಯ ವಿಷಯ ಹೊರಗೆ ಹೇಳುವವಳು ನಾನಲ್ಲ. ಇದು ಕಾರಿನ ವಿಷಯ ಎಂದುಕೊಂಡು ಹೇಳುತ್ತಿದ್ದೇನೆ.

ಅದಕ್ಕೆ ಮೊದಲು ಅಪ್ಪನ ಬಗ್ಗೆ ಹೇಳಬೇಕು. ಅಪ್ಪ ನಿವೃತ್ತ ದೈಹಿಕ ಶಿಕ್ಷಣ ಮೇಷ್ಟ್ರು. ಬದುಕಿನಲ್ಲಿ ಅವರಿಗೆ ಸಹಿಸಲಾಗದ್ದೆಂದರೆ ಸುಮ್ಮನೆ ಉರಿಯುವ ದೀಪ. ನಾನು ಚಿಕ್ಕವಳಿದ್ದಾಗ ಓದುತ್ತ ಕೂತವಳು ನೀರು ಕುಡಿಯಲು ಎದ್ದರೆ, ಹಿಂತಿರುಗುವಷ್ಟರಲ್ಲಿ ಕೋಣೆ ಕತ್ತಲಾಗಿರುತ್ತಿತ್ತು. ಬಚ್ಚಲುಮನೆಯ ಸ್ವಿಚ್ಚು ಹೊರಗಡೆ ಇತ್ತು. ಒಳಗೆ ಯಾರಿದ್ದಾರೆ ಎಂದು ಅಪ್ಪ ಕೇಳುತ್ತಿರಲಿಲ್ಲ, ದೀಪ ಆರಿಸುತ್ತಿದ್ದರು. ಒಳಗಿನಿಂದ ಬರುವ ಕೂಗಿನಿಂದ ಯಾರಿದ್ದಾರೆಂದು ತಿಳಿಯುತ್ತಿತ್ತು. ಒಮ್ಮೆ ಕೆ.ಆರ್. ಪೇಟೆಯ ಛತ್ರದಲ್ಲಿ ನೆಂಟರ ಮದುವೆಗೆ ಹೋದಾಗ, ಊಟದ ಮನೆಗೆ ಹೋಗುವ ದಾರಿಯಲ್ಲಿ ಕಂಡ ಯಾವುದೋ ಸ್ವಿಚ್ಚನ್ನು ಅಭ್ಯಾಸಬಲದಿಂದ ಆರಿಸಿಬಿಟ್ಟರು. ಆ ಕಡೆ ಮಂಟಪವೇ ಕತ್ತಲಾಯಿತು. ಆ ಮದುವೆಯ ವಿಡಿಯೋದಲ್ಲಿ ಇವತ್ತಿಗೂ ಧಾರೆಯ ಹೊತ್ತಿಗೆ ಸ್ವಲ್ಪ ಕಾಲ ಏನೂ ಕಾಣುವುದಿಲ್ಲವಂತೆ. ಅಪ್ಪ ಮಾತ್ರ ಏನೂ ಗೊತ್ತಿಲ್ಲದವರಂತೆ ಪಾಯಸ ಹಾಕಿಸಿಕೊಳ್ಳುತ್ತಿದ್ದರು.

ಇಂಥ ಅಪ್ಪನ ಪಾಲಿಗೆ ಆರಿಸಲಾಗದ ದೀಪವೊಂದು ಬಂತು. ಅದೂ ಅವರದೇ ಕಾರಿನೊಳಗೆ.

ಮೊದಲು ಅಪ್ಪನ ಹತ್ತಿರ ಒಂದು ಸ್ಕೂಟರಿತ್ತು. ಅದಕ್ಕೆ ಕಾಯಿಲೆ ಬಂದರೆ ಕಂಡುಹಿಡಿಯುವ ವಿಧಾನ ಬಹಳ ಸರಳ. ಅಪ್ಪ ಅದನ್ನು ಒಂದು ಪಕ್ಕಕ್ಕೆ ವಾಲಿಸಿ, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ನೆಟ್ಟಗೆ ಮಾಡಿ ಒದೆಯುತ್ತಿದ್ದರು. ನಾನು ಸ್ಕೂಲ್ ಬ್ಯಾಗು ಹೊತ್ತು ಪಕ್ಕದಲ್ಲಿ ನಿಂತಿರುತ್ತಿದ್ದೆ. ಸ್ಕೂಟರು ಕೆಮ್ಮಿದರೆ ಒಂದು ಅರ್ಥ, ಸುಮ್ಮನಿದ್ದರೆ ಇನ್ನೊಂದು, ಹೊಗೆ ಬಿಟ್ಟರೆ ಆ ದಿನ ಪ್ರಾರ್ಥನೆ ತಪ್ಪುತ್ತದೆಂದು ಅರ್ಥ. ಅದರ ಭಾಷೆ ನಮ್ಮಿಬ್ಬರಿಗೂ ಬರುತ್ತಿತ್ತು. ನಿವೃತ್ತಿಯ ಮೇಲೆ ಅಪ್ಪ ಕೊಂಡ ಹಳೆಯ ಕಾರು ಹಾಗಲ್ಲ. ಅದು ನಮ್ಮಲ್ಲಿ ಈಗ ಮಾರಾಟವಾಗದ ಪರದೇಶದ ಮಾದರಿ. ಏನೇ ಆದರೂ ಸ್ಟೀರಿಂಗಿನ ಹಿಂದೆ ಒಂದು ಹಳದಿ ದೀಪ ಹೊತ್ತಿಸಿಕೊಂಡು ಕೂರುತ್ತದೆ. ಏನಾಯಿತೆಂದು ಬಾಯಿಬಿಟ್ಟು ಹೇಳುವುದಿಲ್ಲ. ನಿಜ ಹೇಳಬೇಕೆಂದರೆ, ಅದರ ಈ ಸ್ವಭಾವ ನನಗೆ ಹಿಡಿಸಿತ್ತು.

ಕಾರು ಅಪ್ಪನದಾದರೂ ಓಡಿಸುವವಳು ನಾನು. ನಾಗಮಂಗಲದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಪಾಂಡವಪುರದಿಂದ ದಿನಾ ಹೋಗಿ ಬರುವುದು. ಕಾರಿಗೆ ಮೊದಲು ಬಸ್ಸಿನಲ್ಲಿ ಹೋಗುತ್ತಿದ್ದೆ. ಬಸ್ಸಿನ ಬಗ್ಗೆ ನನಗೆ ದೂರಿಲ್ಲ, ಪಕ್ಕದ ಸೀಟಿನ ಬಗ್ಗೆ ಇದೆ. "ಯಾವೂರವ್ವ? ಯಾರ ಮಗಳು? ಓ, ಡ್ರಿಲ್ ಮೇಷ್ಟ್ರ ಮಗಳಾ! ಮದ್ವೆ ಆಗೈತಾ? ಯಾಕಾಗಿಲ್ಲ?" ಎಂಬಷ್ಟು ಜಕ್ಕನಹಳ್ಳಿ ಬರುವ ಮೊದಲೇ ಮುಗಿದುಹೋಗುತ್ತಿತ್ತು. ಮೇಲುಕೋಟೆ ದಾಟುವಷ್ಟರಲ್ಲಿ ಅವರ ತಂಗಿಯ ಮಗನ ಜಾತಕವೇ ನನ್ನ ತೊಡೆಯ ಮೇಲಿರುತ್ತಿತ್ತು. ಇಯರ್‌ಫೋನ್ ಹಾಕಿಕೊಂಡರೆ ತೋಳು ತಟ್ಟಿ, "ಏನ್ ಕೇಳ್ತಿದ್ದೀಯವ್ವ, ಹಾಡಾ?" ಎಂದು ಅದನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಅವರದು ಪ್ರೀತಿಯೇ. ಆದರೆ ಪ್ರೀತಿಯನ್ನು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದು ಕಷ್ಟ.

ಹಾಗಾಗಿ ಆ ಕಾರು ನನಗೆ ವಾಹನವಲ್ಲ, ಬಾಗಿಲಿರುವ ಒಂದು ಕೋಣೆ. ಮನೆಯಲ್ಲಿ ನನಗೊಂದು ಕೋಣೆ ಇದೆ. ಅದರ ಬೀರುವಿನಲ್ಲಿ ಅವ್ವನ ಸೀರೆಗಳಿವೆ, ಮಂಚದ ಕೆಳಗೆ ಈರುಳ್ಳಿ ಹರಡಿದೆ. ಕಾರಿನಲ್ಲಿ ನಾನಷ್ಟೇ. ಎಷ್ಟೋ ದಿನ ಕಾಲೇಜಿನ ಹುಣಸೇಮರದ ಕೆಳಗೆ ಕಾರು ನಿಲ್ಲಿಸಿ ಅದರೊಳಗೇ ಕೂತು ಬುತ್ತಿ ಉಂಡಿದ್ದೇನೆ.

ಹಳದಿ ದೀಪ ಹೊತ್ತಿಕೊಂಡ ದಿನ ಬಾಬುರಾಯನಕೊಪ್ಪಲಿನ ಮೆಕ್ಯಾನಿಕ್ ನಯಾಜಣ್ಣನ ಹತ್ತಿರ ಹೋದೆವು. ಅವರು ಬಾನೆಟ್ ಎತ್ತಿ ಹುಡುಕಾಡಿ, ಯಾವುದೋ ಸೆನ್ಸರ್ ಕೆಟ್ಟಿದೆಯೆಂದು ಬೇರೆ ಹಾಕಿದರು. ಗಾಡಿ ನಯವಾಗಿ ಓಡಿತು. ದೀಪ ಮಾತ್ರ ಆರಲಿಲ್ಲ.

"ರಿಪೇರಿ ಆಗೋಯ್ತು ಮೇಡಂ. ಆದ್ರೆ ಲೈಟ್‌ಗೆ ಇನ್ನೂ ಮಾಲೂಮ್ ಆಗಿಲ್ಲ," ಎಂದರು ನಯಾಜಣ್ಣ. "ಕಂಪ್ಯೂಟರ್ ಹಾಕಿ ಅದಕ್ಕೆ ಹೇಳ್ಬೇಕು, ಎಲ್ಲ ಸರಿ ಆಯ್ತಪ್ಪ, ಇನ್ನು ಆರು ಅಂತ. ನಮ್ ಸ್ಕ್ಯಾನರ್ ಈ ಗಾಡಿನ ಓದಲ್ಲ. ಇದಕ್ಕೆ ಅಂತ ಒಂದು ಕೇಬಲ್ ಇದೆ, ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪೇ ಇಲ್ಲ. ಅದರ ಮೇಲೆ ಚಾ ಬಿದ್ದು ಖತಮ್ ಆಗೋಯ್ತು."

"ಲ್ಯಾಪ್‌ಟಾಪ್ ನಮ್ ಮಗಳ ತಾವೈತೆ ಬುಡಿ!" ಎಂದರು ಅಪ್ಪ, ಊರಿಗೆಲ್ಲ ಕೇಳುವಂತೆ. ನಯಾಜಣ್ಣ ಕೇಬಲ್ಲನ್ನೂ ಪೆನ್‌ಡ್ರೈವನ್ನೂ ಕೊಟ್ಟು, "ಬಸ್, ಎರಡು ಮಿನಿಟ್ ಕೆಲಸ. ಕೇಬಲ್ ನಿಮ್ ಹತ್ರಾನೇ ಇರ್ಲಿ," ಎಂದರು.

ನನ್ನ ಹತ್ತಿರ ಇದ್ದದ್ದು ಮ್ಯಾಕ್. ಪೆನ್‌ಡ್ರೈವಿನಲ್ಲಿದ್ದ ಸಾಫ್ಟ್‌ವೇರು ವಿಂಡೋಸ್ ಬಿಟ್ಟು ಬೇರೆಯದರ ಮುಖ ನೋಡದ ಜಾತಿಯದು. ಮನೆಗೆ ಬಂದು ಅದರ ಮೇಲೆ ಒತ್ತಿದರೆ ಮ್ಯಾಕ್ ಬಹಳ ಮರ್ಯಾದೆಯಿಂದ, ಇದನ್ನು ತೆರೆಯಲು ನನ್ನಿಂದ ಆಗುವುದಿಲ್ಲ ಎಂದಿತು. ಮತ್ತೆ ಒತ್ತಿದೆ. ಮತ್ತೆ ಅದೇ ಮರ್ಯಾದೆ.

ಅವ್ವನಿಗೆ ಈ ಮ್ಯಾಕಿನ ಮೇಲೆ ಮೊದಲಿನಿಂದಲೂ ನಂಬಿಕೆ ಇರಲಿಲ್ಲ. ಆಯುಧ ಪೂಜೆಯ ದಿನ ಮಿಕ್ಸಿ, ಹೊಲಿಗೆ ಯಂತ್ರ, ಕಾರು ಎಲ್ಲಕ್ಕೂ ಕುಂಕುಮ ಹಚ್ಚಿಕೊಂಡು ಬಂದವಳು ಇದರ ಮುಚ್ಚಳದ ಮೇಲಿನ ಸೇಬಿನ ಗುರುತು ನೋಡಿ ನಿಂತುಬಿಟ್ಟಿದ್ದಳು. "ಕಚ್ಚಿರೋ ಹಣ್ಣು ಕಣವ್ವ ಇದು. ಎಂಜಲಿಗೆ ಎಂಗೆ ಕುಂಕುಮ ಇಕ್ಕಲಿ?" ಕೊನೆಗೆ ಲ್ಯಾಪ್‌ಟಾಪನ್ನು ಮಗುಚಿ ಹೊಟ್ಟೆಗೆ ಹಚ್ಚಿದ್ದಳು. ಆಮೇಲೆ ಕಾಲೇಜಿನಲ್ಲಿ ನನ್ನ ತಿಳಿಬಣ್ಣದ ಚೂಡಿದಾರದ ಮೇಲೆ ಮೂಡಿದ ಗುರುತಿಗೆ ನಾನು ಯಾರಿಗೂ ವಿವರಣೆ ಕೊಡಲಿಲ್ಲ.

ದೀಪ ಉರಿಯುತ್ತಲೇ ಇತ್ತು. ಅಪ್ಪ ಬೆಳಿಗ್ಗೆ ಕಾರು ಒರೆಸುವ ನೆಪದಲ್ಲಿ ಕೀಲಿ ತಿರುಗಿಸಿ ನೋಡುವುದು, ನಿಟ್ಟುಸಿರು ಬಿಡುವುದು, ಒಳಗೆ ಬಂದು ಆ ಸಿಟ್ಟಿಗೆ ಅಡುಗೆಮನೆಯ ದೀಪ ಆರಿಸುವುದು. ಕತ್ತಲಲ್ಲಿ ಒಗ್ಗರಣೆ ಹಾಕಿ ಸಾಕಾದ ಅವ್ವ ಒಂದು ದಿನ ತನ್ನ ಬೊಟ್ಟಿನ ಹಾಳೆ ತೆಗೆದುಕೊಂಡು ಹೋದಳು. ಮೆರೂನ್ ಬಣ್ಣದ, ಮಖಮಲ್ಲಿನಂಥ ದೊಡ್ಡ ಸ್ಟಿಕ್ಕರ್ ಬೊಟ್ಟೊಂದನ್ನು ಬಿಡಿಸಿ ಆ ಹಳದಿ ದೀಪದ ಮೇಲೆ ಸರಿಯಾಗಿ ಅಂಟಿಸಿ, "ಈಗ ಆರೋಯ್ತು, ನಡೀರಿ," ಎಂದಳು.

ಬೊಟ್ಟು ದೀಪವನ್ನು ಪೂರ್ತಿ ಮುಚ್ಚಲಿಲ್ಲ. ಅಂಚಿನಲ್ಲಿ ಸುತ್ತ ಸಣ್ಣಗೆ ಹಳದಿ ಬೆಳಕು ಸೋರುತ್ತಿತ್ತು, ಗ್ರಹಣದ ಸೂರ್ಯನ ಹಾಗೆ. ಅಪ್ಪನ ತಳಮಳ ಇನ್ನೂ ಜಾಸ್ತಿಯಾಯಿತು.

ಬೂಕನಕೆರೆಯ ಪುಟ್ಟಸ್ವಾಮಿ ಮಾವ ಬಂದದ್ದು ಇಂಥ ಹೊತ್ತಿಗೆ. ಮಾವ ಅವ್ವನ ಕೊನೆಯ ತಮ್ಮ. ಊರಿನಲ್ಲಿ ಹಸುಗಳನ್ನು ಕಟ್ಟಿ ಡೈರಿಗೆ ಹಾಲು ಹಾಕುತ್ತಾನೆ. ಕಾರಿನ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು.

"ಒಂದ್ ದೀಪಕ್ಕೆ ಇಷ್ಟೊಂದ್ ಯೋಚ್ನೆನಾ ಬಾವ? ನಮ್ ಟ್ರಾಕ್ಟರಲ್ಲಿ ಎಲ್ಲಾ ದೀಪಾನೂ ಉರೀತವೆ, ರೋಡ್ ಕಾಣ್ಸೋದೊಂದ್ ಬುಟ್ಟು," ಎಂದ. "ಗಾಡಿ ನಂಗೆ ಕೊಟ್ಬುಡಿ. ಹಿಂದ್ಗಡೆ ಸೀಟ್ ಕಿತ್ತಾಕುದ್ರೆ ಬೂಸಾ ಮೂಟೆ ಸಲೀಸಾಗಿ ಕೂರ್ತವೆ."

ನಾನು ಅಪ್ಪನ ಮುಖ ನೋಡಿದೆ. ಅವರು ಬೇಡ ಎನ್ನಲಿಲ್ಲ.

"ನೋಡವ್ವ," ಎಂದರು ನನಗೆ. "ಏನೋ ಉರೀತಾ ಇರೋ ಗಾಡೀಲಿ ನಿನ್ನ ಮೇಲುಕೋಟೆ ದಾರೀಲಿ ಒಬ್ಳನ್ನೇ ಕಳ್ಸಿ ನಾನಿಲ್ಲಿ ನೆಮ್ಮದಿಯಾಗಿ ಇರಾಕಾಯ್ಕಿಲ್ಲ. ಸುಕ್ರವಾರದೊಳಗೆ ದೀಪ ಆರುದ್ರೆ ಗಾಡಿ ನಿಂದು. ಆರ್ದೇ ಇದ್ರೆ ಅವ್ನುದು. ಬಸ್ಸು ಇದ್ದೇ ಐತಲ್ಲ."

ಬಸ್ಸು ಇದ್ದೇ ಇದೆ! ಆ ಮಾತು ಕೇಳಿ ನನ್ನ ಕಣ್ಣ ಮುಂದೆ ಜಕ್ಕನಹಳ್ಳಿಯ ಸ್ಟಾಪಿನಲ್ಲಿ ಹತ್ತಲು ನಿಂತ ಹೆಂಗಸರೆಲ್ಲ ತಮ್ಮ ತಂಗಿಯರ ಮಕ್ಕಳ ಜಾತಕ ಹಿಡಿದು ಬಂದು ಹೋದರು.

ಯಾರದಾದರೂ ವಿಂಡೋಸ್ ಲ್ಯಾಪ್‌ಟಾಪ್ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೇಳಬಹುದಿತ್ತು. ನಮ್ಮ ವಿಭಾಗದಲ್ಲಿ ಅಂಥ ಲ್ಯಾಪ್‌ಟಾಪ್ ಇರುವ, ನನ್ನದೇ ವಯಸ್ಸಿನ ಸಹೋದ್ಯೋಗಿಯೊಬ್ಬರು ಇದ್ದಾರೆ. ಒಳ್ಳೆಯವರು. ಕೇಳಿದರೆ ತಾವೇ ಮನೆಗೆ ತಂದುಕೊಡುತ್ತಾರೆ. ಮನೆಗೆ ಬಂದವರಿಗೆ ಅವ್ವ ಕಾಫಿ ಕೊಡುತ್ತಾಳೆ. ಲೋಟ ಕೈಗೆ ಹೋದ ಕೂಡಲೇ ಊರು ಯಾವುದು ಎನ್ನುತ್ತಾಳೆ, ಲೋಟ ಅರ್ಧ ಆಗುವಷ್ಟರಲ್ಲಿ ನಕ್ಷತ್ರ ಕೇಳುತ್ತಾಳೆ. ಬಸ್ಸಿನಿಂದ ತಪ್ಪಿಸಿಕೊಳ್ಳಲು ಬಸ್ಸನ್ನೇ ಮನೆಯ ಜಗುಲಿಗೆ ತಂದು ನಿಲ್ಲಿಸಿದ ಹಾಗೆ. ಮ್ಯಾಕಿನೊಳಗೇ ವಿಂಡೋಸನ್ನು ಕೂರಿಸುವುದು ಇದಕ್ಕಿಂತ ಸುಲಭ ಎನ್ನಿಸಿತು.

ಮೈಸೂರಿನಲ್ಲಿ ಓದುವಾಗ ಒಂದು ಮನೆಯ ಮೇಲಿನ ಪೋರ್ಷನ್ನಿನಲ್ಲಿ ಬಾಡಿಗೆಗಿದ್ದೆ. ಕೆಳಗೆ ಓನರ್ ಆಂಟಿ. ನನ್ನನ್ನು ನೋಡಲು ಯಾರೇ ಬಂದರೂ ಅವರನ್ನು ಆಂಟಿ ಗೇಟಿನಲ್ಲೇ ಹಿಡಿದು, ತಮ್ಮ ಪಡಸಾಲೆಯಲ್ಲಿ ಕೂರಿಸಿಕೊಂಡು, ವಿಚಾರಣೆ ಮುಗಿಸಿ, ಮನಸ್ಸಾದರೆ ಮೇಲೆ ಕಳಿಸುತ್ತಿದ್ದರು. ಎಷ್ಟೋ ಸಲ ನಾನು ಮೇಲೆ ಕಾಯುತ್ತಿರುತ್ತಿದ್ದೆ, ನನ್ನ ಗೆಳತಿ ಕೆಳಗೆ ಕೋಡುಬಳೆ ತಿನ್ನುತ್ತಿರುತ್ತಿದ್ದಳು.

ಮ್ಯಾಕಿನೊಳಗೆ ವಿಂಡೋಸ್ ಹಾಕುವುದೆಂದರೆ ಅಕ್ಷರಶಃ ಇದೇ. ಮ್ಯಾಕ್ ಓನರ್, ವಿಂಡೋಸ್ ಬಾಡಿಗೆಯವನು. ಬಾಡಿಗೆಯವನಿಗೆ ಇಷ್ಟು ಜಾಗ, ಇಷ್ಟು ಶಕ್ತಿ ಎಂದು ಮೊದಲೇ ಕರಾರು. ಒಳಗೆ ಬಂದ ವಿಂಡೋಸ್ ಕೂತು ಸುಧಾರಿಸಿಕೊಳ್ಳುವ ಮೊದಲೇ ತನ್ನನ್ನು ತಾನು ಅಪ್‌ಡೇಟ್ ಮಾಡಿಕೊಳ್ಳಲು ಶುರುಮಾಡಿತು, ಪೆಟ್ಟಿಗೆ ಇಳಿಸುವ ಮೊದಲೇ ಗೋಡೆಗೆ ಸುಣ್ಣ ಹೊಡೆಯುವವರ ಹಾಗೆ. ಅದು ಮುಗಿಯಲು ಒಂದಿಡೀ ಮಧ್ಯಾಹ್ನ ಹೋಯಿತು. ಆಮೇಲೆ ಕೇಬಲ್ಲು ಚುಚ್ಚಿದೆ. ಬಂದ ಅತಿಥಿಯನ್ನು ಮ್ಯಾಕ್ ಗೇಟಿನಲ್ಲೇ ಹಿಡಿದು ತನ್ನ ಪಡಸಾಲೆಯಲ್ಲಿ ಕೂರಿಸಿಕೊಂಡಿತು. ಮೇಲಿನಿಂದ ವಿಂಡೋಸ್, ಯಾವ ಸಾಧನವೂ ಬಂದಿಲ್ಲ ಎನ್ನುತ್ತಿತ್ತು. ಅತಿಥಿ ನೇರ ಮೇಲಕ್ಕೆ ಹೋಗಲಿ ಎಂದು ಮ್ಯಾಕಿಗೆ ಸೆಟ್ಟಿಂಗ್ಸಿನಲ್ಲಿ ಹೇಳಿ ಒಪ್ಪಿಸಿದರೆ, ಇವರ ಪರಿಚಯ ನನಗಿಲ್ಲ ಎಂದಿತು ವಿಂಡೋಸ್. ಪರಿಚಯ ಮಾಡಿಕೊಡಲು ಡ್ರೈವರ್ ಎಂಬ ಸಣ್ಣ ಸಾಫ್ಟ್‌ವೇರು ಬೇಕು. ಪೆನ್‌ಡ್ರೈವಿನಲ್ಲಿದ್ದ ಡ್ರೈವರ್ ನನ್ನ ಮ್ಯಾಕಿನ ಹೊಸ ಚಿಪ್ಪಿಗೆ ಹೊಂದಲಿಲ್ಲ. ಹೊಂದುವಂಥದ್ದನ್ನು ಹುಡುಕುತ್ತ ಹೋದೆ.

ನಡುವೆ ಅಪ್ಪ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. "ಎಮ್ಮೆಸ್ಸಿ ಮಾಡಿದ್ದೀಯ, ಒಂದ್ ದೀಪ ಆರ್ಸಾಕಾಯ್ಕಿಲ್ವ ಮಗ?"

"ಡ್ರೈವರ್ ಸಿಕ್ಕಿಲ್ಲಪ್ಪ."

"ಡ್ರೈವರ್ ಯಾಕೆ? ಗಾಡಿ ನೀನೇ ಓಡುಸ್ತೀಯಲ್ಲ," ಎಂದು, ಹೋಗುವಾಗ ನನ್ನ ಕೋಣೆಯ ದೀಪ ಆರಿಸಿ ಹೋಗುತ್ತಿದ್ದರು.

ಗುರುವಾರ ಸಂಜೆಗೆ ಸರಿಯಾದ ಡ್ರೈವರ್ ಸಿಕ್ಕಿ, ಅತಿಥಿ ಮತ್ತು ಬಾಡಿಗೆಯವನು ಕೊನೆಗೂ ಕೈಕುಲುಕಿದರು. ಕಾರಿಗೆ ಜೋಡಿಸುವುದೊಂದು ಬಾಕಿ.

ಶುಕ್ರವಾರ ನನಗೆ ರಜೆ. ಬೆಳಿಗ್ಗೆಯೇ ಮಾವ ಹಾಲಿನ ಟೆಂಪೋದಲ್ಲಿ ಬಂದಿಳಿದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಸೇವಂತಿಗೆ ಹಾರ, ಜೇಬಿನಲ್ಲಿ ಚಕ್ರಕ್ಕೆ ಇಡುವ ನಿಂಬೆಹಣ್ಣು. ಪೂರ್ತಿ ತಯಾರಾಗಿಯೇ ಬಂದಿದ್ದ. ನಾನು ಡ್ರೈವರ್ ಸೀಟಿನಲ್ಲಿ ಮ್ಯಾಕನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಪ್ಪ ಒಂದು ಬಾಗಿಲಲ್ಲಿ, ಮಾವ ಇನ್ನೊಂದು ಬಾಗಿಲಲ್ಲಿ, ಅವ್ವ ಹಿಂದಿನ ಸೀಟಿನಲ್ಲಿ. ನನ್ನ ಏಕಾಂತದ ಕೋಣೆಯಲ್ಲಿ ಅಷ್ಟು ಜನ ಎಂದೂ ಸೇರಿರಲಿಲ್ಲ.

ಸ್ಟೀರಿಂಗಿನ ಕೆಳಗೆ, ಮೊಣಕಾಲಿನ ಹತ್ತಿರ, ಕೇಬಲ್ಲು ಚುಚ್ಚಲು ಒಂದು ಅಗಲ ಬಾಯಿ ಇರುತ್ತದೆ. ಕೈಯಾಡಿಸಿ ಹುಡುಕಿ ಚುಚ್ಚಿದೆ. ಒತ್ತಿದಷ್ಟು ಒಳಗೆ ಹೋಗಲಿಲ್ಲ. ಸಾಫ್ಟ್‌ವೇರು ಸ್ವಲ್ಪ ಹೊತ್ತು ಹುಡುಕಾಡಿ, ವಾಹನ ಸಿಗುತ್ತಿಲ್ಲ ಎಂದಿತು. ವಾಹನದೊಳಗೇ ಕೂತಿದ್ದೇವೆ!

"ವಾಹ್ನ ಸಿಕ್ಕದೇ ಇದ್ರೆ ನಾನ್ ತೋರುಸ್ತೀನಿ, ಕೀ ಕೊಡು," ಎಂದು ಮಾವ ಹಾರ ಬಿಡಿಸಲು ಶುರುಮಾಡಿದ.

ಮೊಬೈಲಿನ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಆ ಬಾಯಿಯೊಳಗೆ ಮಡಚಿದ ಒಂದು ಕಾಗದದ ಪೊಟ್ಟಣ ತುರುಕಿತ್ತು. ಎಳೆದೆ. ಹರಿಯಿತು. ಕೆಂಪು ಪುಡಿ ನನ್ನ ಮೊಣಕಾಲಿನ ಮೇಲೆ, ಮ್ಯಾಕಿನ ಮೇಲೆ, ಮ್ಯಾಕಿನ ಕಚ್ಚಿದ ಹಣ್ಣಿನ ಮೇಲೂ ಸುರಿಯಿತು.

"ಅಯ್ಯೋ, ಅದ್ಯಾಕವ್ವ ತೆಗುದೆ!" ಎಂದಳು ಅವ್ವ ಹಿಂದಿನಿಂದ. "ಆಯುಧ ಪೂಜೆ ಕುಂಕುಮ ಕಣೆ ಅದು, ಗೋವಿಂದನಹಳ್ಳಿ ದೇವಸ್ಥಾನದ್ದು. ಗಾಡಿಗೆ ಒಳ್ಳೇದಾಗ್ಲಿ ಅಂತ ನಾನೇ ಮಡಗಿದ್ದೆ. ಅದುಕ್ಕೇ ಅಂತ ಮಾಡ್ದಂಗಿತ್ತು ಆ ಗೂಡು."

ಜಗತ್ತಿನ ಕಾರುಗಳಲ್ಲೆಲ್ಲ ಆ ಗೂಡು ಇರುತ್ತದೆ. ಅದಕ್ಕೆ ಕುಂಕುಮ ತುಂಬಿದ್ದು ಬಹುಶಃ ನಮ್ಮ ಕಾರಿನಲ್ಲಿ ಮಾತ್ರ. ನಾನು ಹಳೆಯ ಟೂತ್‌ಬ್ರಷ್ಷು ತಂದು, ತೂತುಗಳನ್ನು ಒಂದೊಂದಾಗಿ ಬಿಡಿಸಿ, ಊದಿ, ಮತ್ತೆ ಬ್ರಷ್ಷಿನಿಂದ ತಿಕ್ಕಿದೆ. ಅಪ್ಪ ಪಕ್ಕದಲ್ಲಿ ನಿಂತು, ಹಿಂದೆ ಸ್ಕೂಟರ್ ವಾಲಿಸಿ ಹಿಡಿದಿರುತ್ತಿದ್ದರಲ್ಲ, ಅದೇ ಗಂಭೀರ ಮುಖದಲ್ಲಿ ಟಾರ್ಚ್ ಹಿಡಿದಿದ್ದರು. ಈ ಸಲ ಕೇಬಲ್ಲು ಟಕ್ಕೆಂದು ಕೂತಿತು. ಕಾರು ಮಾತಾಡಿತು. ಒಂದೇ ಒಂದು ದೋಷ, ಅದೂ ಆಗಲೇ ರಿಪೇರಿಯಾದ ಸೆನ್ಸರಿನದು. ಅಳಿಸಲೇ ಎಂದು ಸಾಫ್ಟ್‌ವೇರು ಕೇಳಿತು. ಅಳಿಸು ಎಂದೆ. ಇನ್ನು ದೋಷಗಳಿಲ್ಲ ಎಂದು ತೆರೆಯ ಮೇಲೆ ಮೂಡಿತು.

"ಆಯ್ತಪ್ಪ," ಎಂದೆ.

"ಕಂಪ್ಯೂಟ್ರು ಏಳ್ಬುಟ್ರೆ ಆಗೋಯ್ತಾ?" ಎಂದ ಮಾವ. "ದೀಪ ಆರಿರೋದು ಎಲ್ಲೈತೆ? ಬೊಟ್ಟು ಕಿತ್ತು ತೋರ್ಸು."

ನಾನು ಬೊಟ್ಟಿನ ಅಂಚಿಗೆ ಉಗುರು ಹಾಕಿದೆ. ಹಿಂದಿನಿಂದ ಅವ್ವನ ಕೈ ಬಂದು ನನ್ನ ಕೈಯ ಮೇಲೆ ಬಿತ್ತು.

"ಸುಕ್ರವಾರ ಬೊಟ್ಟು ಕೀಳ್ತಾರೇನೆ? ಬುದ್ಧಿ ನೆಟ್ಟಗೈತಾ ನಿಂಗೆ?"

"ಅದು ಕಾರವ್ವ."

"ಯಾರಾದ್ರೇನು? ಇಟ್ಟಿರೋಳು ನಾನಲ್ವ?"

ಅಪ್ಪ ಕಬಡ್ಡಿ ಅಂಕಣದಲ್ಲಿ ನಿಂತವರಂತೆ ಇಬ್ಬರನ್ನೂ ನೋಡಿದರು. "ಕಣ್ಣಾರೆ ನೋಡ್ದೆ ನಾನು ಪಾಯಿಂಟ್ ಕೊಡಾಕಿಲ್ಲ," ಎಂದು ನನ್ನಿಂದ ಇಂಜಿನ್ ಶುರುಮಾಡಿಸಿ, ಹೆಗಲ ಮೇಲಿದ್ದ ಟವೆಲನ್ನು ತಲೆಯ ಮೇಲೆ ಹೊದ್ದು, ನೆಗಡಿಯಾದವರು ಹಬೆ ತೆಗೆದುಕೊಳ್ಳುವಂತೆ ಸ್ಟೀರಿಂಗಿನೊಳಗೆ ಮುಖ ಹುದುಗಿಸಿದರು. ಟವೆಲಿನೊಳಗಿನ ಕತ್ತಲಲ್ಲಿ ಬೊಟ್ಟಿನ ಅಂಚಿನಿಂದ ಬೆಳಕು ಸೋರುತ್ತಿದೆಯೇ ಎಂದು ನೋಡುವ ಉಪಾಯ. ಬಹಳ ಹೊತ್ತು ಅವರ ಬೆನ್ನಷ್ಟೇ ಕಾಣುತ್ತಿತ್ತು.

"ಏನ್ ಕಾಣ್ತದೆ ಬಾವ?"

"ಬೊಟ್ಟು," ಎಂದರು ಅಪ್ಪ ಒಳಗಿನಿಂದ.

ಹೊರಗೆ ಬಂದ ಅಪ್ಪನ ಕನ್ನಡಕದ ಮೇಲೆಲ್ಲ ಆವಿ. ಬೆಳಕು ಕಾಣಲಿಲ್ಲವಂತೆ, ಆದರೆ ದೀಪ ಆರಿದೆಯೋ, ಕನ್ನಡಕ ಮಂಜಾಯಿತೋ ಹೇಳಲಾಗುವುದಿಲ್ಲವಂತೆ.

"ಅಂಗಾದ್ರೆ ದೀಪ ಆರಿಲ್ಲ ಅಂತ್ಲೇ ಲೆಕ್ಕ," ಎಂದು ಮಾವ ಕೈಚಾಚಿದ. "ಕೀ ಕೊಡಿ. ಇವತ್ತು ಸುಕ್ರವಾರ, ನಮ್ಮನೆಗೆ ಲಕ್ಷ್ಮಿ ಬಂದಂಗಾಯ್ತದೆ."

"ನಿಮ್ಮನೆಗೆ ಬರ್ಬೇಕಾದ್ರೆ ನಮ್ಮನೆಯಿಂದ ಓಗ್ಬೇಕಲ್ಲ ಕಣ್ಲಾ!" ಎಂದಳು ಅವ್ವ. ಕಾರಿನಿಂದ ಇಳಿದು ಬಾನೆಟ್ಟಿನ ಮುಂದೆ ನಿಂತಳು. "ಬೊಟ್ಟಿಟ್ಟಿರೋ ಹೆಣ್ಣುನ್ನ ಸುಕ್ರವಾರ ಮನೆಯಿಂದ ಆಚೆ ಕಳುಸ್ತಾರಾ? ನಂಗೆ ಮದ್ವೆ ಆದಾಗ ಸುಕ್ರವಾರ ಅಂತ ಅಪ್ಪಯ್ಯ ಒಂದಿನ ತಡೆದು ಕಳುಸ್ಲಿಲ್ವಾ? ನಾಳೆ ಬಾ, ಓಗು."

"ನಾಳೆ ಸನಿವಾರ ಅಕ್ಕಯ್ಯ! ಸನಿವಾರ ಯಾರಾದ್ರೂ ಕಬ್ಬಿಣ ಮನೆಗ್ ತಕ್ಕೊಂಡೋದಾರಾ?"

"ಅದು ನಿನ್ ಕಷ್ಟ ಕಣ್ಲಾ."

ಶುಕ್ರವಾರ ಕೊಡುವಂತಿಲ್ಲ, ಶನಿವಾರ ಒಯ್ಯುವಂತಿಲ್ಲ. ಮಾವ ಅಪ್ಪನ ಕಡೆ ನೋಡಿದ. ಅಪ್ಪ ಆಕಾಶ ನೋಡಿದರು. ಆಮೇಲೆ ಮಾವ ಉಪ್ಪಿಟ್ಟು ತಿಂದು, ಸೇವಂತಿಗೆ ಹಾರವನ್ನು ತನ್ನ ಟೆಂಪೋಗೇ ಹಾಕಿಕೊಂಡು ಹೊರಟ. ನಿಂಬೆಹಣ್ಣನ್ನು ಅವ್ವ ಇಸಿದುಕೊಂಡು ಉಪ್ಪಿನಕಾಯಿಗೆ ಸೇರಿಸಿದಳು. ಅವ್ವ ಶಾಸ್ತ್ರಕ್ಕಾಗಿ ಹಾಗೆ ಹೇಳಿದಳೋ ನನಗಾಗಿ ಹೇಳಿದಳೋ ಎಂದು ನಾನು ಕೇಳಲಿಲ್ಲ. ಅಂಥ ಪ್ರಶ್ನೆಗಳನ್ನು ನಾನು ಕೇಳುವುದಿಲ್ಲ, ಅವಳು ಉತ್ತರಿಸುವುದೂ ಇಲ್ಲ. ಸಂಜೆ ಅವಳು ನನ್ನ ಮ್ಯಾಕಿನ ಮೇಲಿನ ಕುಂಕುಮವನ್ನು ಒರೆಸುವಾಗ ಹಣ್ಣಿನ ಮೇಲಿನದನ್ನು ಮಾತ್ರ ಹಾಗೇ ಬಿಟ್ಟಿದ್ದಳು.

ಶನಿವಾರ ಬೆಳಿಗ್ಗೆ ಅವ್ವ ಸ್ನಾನ ಮಾಡಿ ಬಂದು ತಾನೇ ಬೊಟ್ಟು ಬಿಡಿಸಿದಳು. ಅಪ್ಪ ಕೀಲಿ ತಿರುಗಿಸಿದರು. ಆ ಕಾರಿನಲ್ಲಿ ಕೀಲಿ ತಿರುಗಿಸಿದೊಡನೆ ಎಲ್ಲ ದೀಪಗಳೂ ಒಮ್ಮೆ ಹೊತ್ತಿಕೊಂಡು ಆಮೇಲೆ ಆರುತ್ತವೆ. ಕೆಂಪು, ಹಸಿರು, ಹಳದಿ, ಎಲ್ಲವೂ ಹೊತ್ತಿದವು. ಇಂಜಿನ್ ಶುರುವಾಯಿತು. ಒಂದೊಂದೇ ದೀಪ ಆರುತ್ತ ಬಂತು. ಹಳದಿ ಮಾತ್ರ ನಿಂತಿತ್ತು, ನಮ್ಮನ್ನೆಲ್ಲ ಒಮ್ಮೆ ನೋಡಿಕೊಳ್ಳುವ ಹಾಗೆ. ಆಮೇಲೆ ಅದೂ ಆರಿತು.

ಅಪ್ಪ ಕೀಲಿ ನನ್ನ ಕೈಗೆ ಕೊಟ್ಟು, ಇಳಿದು ಹೋಗಿ, ಬೆಳಗಾದರೂ ಉರಿಯುತ್ತಿದ್ದ ಜಗುಲಿಯ ದೀಪ ಆರಿಸಿ ಬಂದರು.

ನಾನು ಹೊರಡಬೇಕೆನ್ನುವಷ್ಟರಲ್ಲಿ ಅವ್ವ, "ತಡಿ ತಡಿ, ಬರೀ ಹಣೇಲಿ ಓಯ್ತಾಳಾ?" ಎಂದು ಬಗ್ಗಿದಳು. ಹೊಸ ಬೊಟ್ಟೊಂದು, ಮೊದಲಿನದಕ್ಕಿಂತ ದೊಡ್ಡದು, ಅದೇ ದೀಪದ ಮೇಲೆ ಬಂದು ಕೂತಿತು. ಈ ಸಲ ಅಂಚೂ ಕಾಣದ ಹಾಗೆ.

ಹಾಗಾಗಿ ಈಗ ಅದರ ಕೆಳಗೆ ದೀಪ ಉರಿಯುತ್ತಿದೆಯೋ ಆರಿದೆಯೋ ಯಾರಿಗೂ ತಿಳಿಯದು. ತಿಳಿಯಬೇಕೆಂದರೆ ದಾರಿಯುಂಟು. ಮ್ಯಾಕಿನ ಮೇಲಿನ ಪೋರ್ಷನ್ನಿನಲ್ಲಿ ವಿಂಡೋಸ್ ಇನ್ನೂ ಬಾಡಿಗೆಗಿದೆ, ಕೇಬಲ್ಲು ಸೌಟಿನ ಡಬ್ಬಿಯಲ್ಲಿದೆ. ವರ್ಷಕ್ಕೊಂದು ಸಲ ನಯಾಜಣ್ಣ ಬಾನೆಟ್ ಎತ್ತಿ ಎಲ್ಲವನ್ನೂ ನೋಡಿಕೊಡುತ್ತಾರೆ, ಅಷ್ಟು ಸಾಕು. ಉಳಿದಂತೆ ನಾನು ಚುಚ್ಚಿ ವಿಚಾರಿಸಲು ಹೋಗುವುದಿಲ್ಲ. ಮೇಲುಕೋಟೆಯ ತಿರುವುಗಳಲ್ಲಿ ನಾನೂ ಕಾರೂ ಒಬ್ಬರನ್ನೊಬ್ಬರು ಏನೂ ಕೇಳದೆ ಸುಮ್ಮನೆ ಹೋಗುತ್ತೇವೆ.